ಆನೆಯನ್ನು ಸಣ್ಣದಾಗಿ ಬರೆದವನು

ಹೊನ್ನೂರಿನ ಜಡೇಸ್ವಾಮಿ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನ ತಂದೆ ಚಿಕ್ಕಮಾದಪ್ಪ ಮೊದಲು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಳ್ಳುತ್ತಿದ್ದ. ಅಷ್ಟರೊಳಗೆ ಕೇಳಿದವರಿಗೆ ಬೇರೆ ಮಾತು ನೆನಪಾದರೆ ಬಚಾವಾದ ಹಾಗೆ. ನೆನಪಾಗದಿದ್ದರೆ, “ಕಂಪೂಟ್ರು ಕೆಲ್ಸ ಕನಪ್ಪ” ಎನ್ನುತ್ತಿದ್ದ. ಅಲ್ಲಿಗೂ ಬಿಡದವರಿಗೆ ಮಾತ್ರ ನಿಜ ಸಿಗುತ್ತಿತ್ತು.

“ಅದೇನೋ ಆಟ ಕಟ್ತನಂತೆ, ಪೋನಲ್ಲಿ ಆಡೋದು. ನಾವು ಆಟ ಆಡುದ್ರೆ ನಮ್ಮಪ್ಪ ಬರ್ಲು ತಕ್ಕೊಂಡು ಬಡೀತಿದ್ದ. ಇವನ್ಗೆ ಸಂಬ್ಳ ಕೊಡ್ತರೆ. ಅಳಾನೋ ನಗಾನೋ, ನೀವೇ ಏಳಿ.”

ಅಪ್ಪನಿಗೆ ಗೊತ್ತಿದ್ದದ್ದು ಮಗನ ಈ ಒಂದು ಕೆಲಸ ಮಾತ್ರ. ಎರಡನೆಯದೂ ಗೊತ್ತಾಗಿದ್ದರೆ ತಾನೂ ಪೊರಕೆಯ ಬರಲನ್ನು ಹುಡುಕುತ್ತಿದ್ದನೋ ಏನೋ.

ಜಡೇಸ್ವಾಮಿಗೆ ಕೈ ತುರಿಕೆ ಹುಟ್ಟಿನಿಂದ ಬಂದದ್ದು. ಗೋಡೆ ಕಂಡರೆ ಇದ್ದಿಲು, ಮಣ್ಣು ಕಂಡರೆ ಕಡ್ಡಿ. ಪ್ರೌಢಶಾಲೆಯಲ್ಲಿ ಗಣಿತದ ಪರೀಕ್ಷೆ ನಡೆದಾಗ ಲೆಕ್ಕಗಳನ್ನು ಬಿಟ್ಟು ಲೆಕ್ಕದ ಮೇಷ್ಟರನ್ನೇ ಬಿಡಿಸಿಟ್ಟು ಎದ್ದುಬಂದಿದ್ದ. ಮೇಷ್ಟರು ಅಂಕ ಕೊಡಲಿಲ್ಲ. ಆದರೆ ಉಳಿದ ಹುಡುಗರ ಉತ್ತರಪತ್ರಿಕೆಗಳನ್ನೆಲ್ಲ ಹಿಂದಿರುಗಿಸಿದವರು ಅವನದನ್ನು ಮಾತ್ರ ಹಿಂದಿರುಗಿಸಲಿಲ್ಲ. ಅದಕ್ಕೆ ಕಟ್ಟು ಹಾಕಿಸಿ ಮನೆಯ ನಡುಮನೆಯಲ್ಲಿ ನೇತುಹಾಕಿದ್ದಾರೆ ಎಂದೂ, ಬಂದ ನೆಂಟರಿಗೆ ಮೈಸೂರಿನ ದೊಡ್ಡ ಕಲಾವಿದರೊಬ್ಬರು ಬಿಡಿಸಿದ್ದು ಎನ್ನುತ್ತಾರೆಂದೂ ಆಮೇಲೆ ತಿಳಿಯಿತು.

ಹೀಗೆ ಓದು ಕುಂಟಿದ ಮೇಲೆ ಕಬ್ಬಿನ ಟ್ರೇಲರುಗಳ ಹಿಂದೆ ‘ತಾಯಿ ತಂದೆಯ ಆಶೀರ್ವಾದ’ ಎಂದು ಬರೆಯುತ್ತ ಕೆಲವು ಕಾಲ ಕಳೆದ. ಬಣ್ಣದ ಬೋರ್ಡುಗಳನ್ನು ಫ್ಲೆಕ್ಸು ನುಂಗಿತು. ತನ್ನನ್ನು ನುಂಗಿದವರ ಹೊಟ್ಟೆಯಲ್ಲೇ ಕೆಲಸ ಕೇಳುವುದು ಜಾಣತನವೆಂದು ಅವನು ಕೊಳ್ಳೇಗಾಲಕ್ಕೆ ಹೋಗಿ ರಂಗನಾಥನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ. ಅಲ್ಲಿ ಅವನಿಗೆ ವಹಿಸಿದ ಕೆಲಸವೆಂದರೆ, ಹುಟ್ಟುಹಬ್ಬ ಆಚರಿಸಿಕೊಳ್ಳುವ ಗಣ್ಯರನ್ನು ಬೆಳ್ಳಗೆ ಮಾಡುವುದು.

“ಇನ್ನೊಸಿ ಬೆಳ್ಗೆ ಮಾಡು ಕಣ್ಲಾ,” ಎನ್ನುತ್ತಿದ್ದರು ಬಂದವರು, ಅವನ ಬೆನ್ನ ಹಿಂದೆ ನಿಂತು.

“ಇನ್ನೂ ಬೆಳ್ಗೆ ಮಾಡುದ್ರೆ ಮೂಗು ಕಾಣಾಕಿಲ್ಲ ಸಾ.”

“ಮೂಗ ಯಾವನ್ಲಾ ಕೇಳ್ದೋನು? ಚೈನು ಕಾಣ್ತದೋ ಇಲ್ವೋ?”

“ಕಾಣ್ತದೆ.”

“ಅಂಗಾರೆ ಬುಡು. ಚೈನ ಇನ್ನೊಂದೆಳೆ ದಪ್ಪ ಮಾಡು.”

ಒಬ್ಬ ಮನುಷ್ಯನ ಮೂಗನ್ನು ದಿನವೂ ಅಳಿಸುತ್ತಿರುವವನಿಗೆ ಅದನ್ನು ಎಲ್ಲಾದರೂ ಒಂದು ಕಡೆ, ಇದ್ದದ್ದಕ್ಕಿಂತ ದೊಡ್ಡದಾಗಿ ಬರೆಯಬೇಕೆನಿಸುವುದು ಸಹಜ. ಊಟವಾದ ಮೇಲೆ ರಂಗನಾಥ ಗಲ್ಲದ ಕೆಳಗೆ ಕೈಯಿಟ್ಟುಕೊಂಡು ಗೊರಕೆ ಹೊಡೆಯುವ ಹೊತ್ತಿನಲ್ಲಿ ಜಡೇಸ್ವಾಮಿ ಎರಡು ವಿದ್ಯೆ ಕಲಿತ. ಒಂದು, ಇಂಟರ್‌ನೆಟ್ಟಿನ ವಿಡಿಯೋಗಳನ್ನು ನೋಡಿಕೊಂಡು ಫೋನಿನಲ್ಲಿ ಆಡುವ ಆಟಗಳನ್ನು ಕಟ್ಟುವುದು. ಇನ್ನೊಂದು, ‘ತಿಪ್ಪೆ’.

ತಿಪ್ಪೆ ಎಂಬುದು ಕೆಲವು ಹಾಳೆಗಳ ಒಂದು ಚಿತ್ರಕಥೆಯ ಪತ್ರಿಕೆ. ಬರೆದವರ ಹೆಸರಿಲ್ಲ, ಊರಿಲ್ಲ, ಬೆಲೆಯಿಲ್ಲ. ಕಥೆ ನಡೆಯುವುದು ತಿಪ್ಪೂರು ಎಂಬ ಗ್ರಾಮದಲ್ಲಿ. ಅಲ್ಲಿ ಇರುವವರೆಲ್ಲ ಪ್ರಾಣಿ ಪಕ್ಷಿಗಳು. ತಿಪ್ಪೆಯ ಮೇಲೆ ನಿಂತ ಮುದಿ ಹುಂಜವೊಂದು ಆ ಊರಿನ ದೊಡ್ಡವರ ವಿಚಾರವನ್ನು ಕೂಗಿ ಹೇಳುತ್ತದೆ. ಮೊದಲ ಸಂಚಿಕೆಯ ನಾಯಕ ಒಂದು ನವಿಲು. ಅದು ತನ್ನ ಹುಟ್ಟುಹಬ್ಬಕ್ಕೆ ಊರನ್ನೇ ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಕಟ್ಟಿಸುತ್ತದೆ. ಗಾಳಿ ಬಂದು ಫ್ಲೆಕ್ಸನ್ನೂ ನವಿಲನ್ನೂ ಒಟ್ಟಿಗೆ ಹಾರಿಸಿಕೊಂಡು ಹೋಗುತ್ತದೆ.

ಅದರ ಪ್ರತಿಗಳನ್ನು ತೆಗೆಸಲು ಅವನು ಬಸ್ ನಿಲ್ದಾಣದ ಹಿಂದಿನ ಓಣಿಯ ಜೆರಾಕ್ಸ್ ಅಂಗಡಿಗೆ ಹೋದ. ಅಂಗಡಿ ನಡೆಸುತ್ತಿದ್ದವಳು ಮಾಂಬಳ್ಳಿಯ ಪುಷ್ಪ. ಅವಳು ಹಾಳೆಗಳನ್ನು ತಿರುವಿಹಾಕುತ್ತ, ಓದುತ್ತ, ಕೊನೆಗೆ ಮಿಷನ್ನಿನ ಮುಚ್ಚಳದ ಮೇಲೆ ತಲೆಯಿಟ್ಟು ನಕ್ಕಳು. ಹಾಳೆ ಒಳಗೆ ಸಿಕ್ಕಿಹಾಕಿಕೊಂಡಿತು. ಅದನ್ನು ಎಳೆಯುತ್ತ ಹೇಳಿದಳು:

“ಎಲ್ಲಾ ಸರಿ. ಕೊನೇದು ಸಪ್ಪೆ.”

“ಏನು ಸಪ್ಪೆ?”

“ನವಿಲ್ನ ಗಾಳಿ ತಕ್ಕೊಂಡೋಗ್ಬಾರ್ದು. ಗರಿ ಎಲ್ಲಾ ಫ್ಲೆಕ್ಸ್ ಜೊತೇಲಿ ಓಗ್ಬೇಕು. ನವಿಲು ಊರ್ ನಡುವೆ ಬತ್ಲೆ ನಿಂತ್ಕಬೇಕು. ಆಗ ನೋಡು.”

ಜಡೇಸ್ವಾಮಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಕೊನೆಯ ಹಾಳೆಯನ್ನು ಹೊಸದಾಗಿ ಬರೆದ. ಅಂದಿನಿಂದ ಅವಳು ಪತ್ರಿಕೆಯ ಸಂಪಾದಕಿಯಾದಳು, ಅವನ ಕಾಗುಣಿತ ತಿದ್ದುವವಳಾದಳು, ಹಂಚುವವಳೂ ಆದಳು. ಆದಾಯ ಪ್ರಮಾಣಪತ್ರಕ್ಕೋ ಪಹಣಿಗೋ ಜೆರಾಕ್ಸ್ ಮಾಡಿಸಲು ಬಂದವರು ಮನೆಗೆ ಹೋಗಿ ಕಟ್ಟು ಬಿಚ್ಚಿದರೆ ಅರ್ಜಿಗಳ ನಡುವೆ ಒಂದು ತಿಪ್ಪೆ ಮಡಿಸಿಕೊಂಡು ಮಲಗಿರುತ್ತಿತ್ತು. ಹಾಗೆಯೇ ಅದು ಹನೂರಿನ ಕ್ಷೌರದ ಅಂಗಡಿಗಳನ್ನು, ಶಾಗ್ಯದ ಚಹಾದಂಗಡಿಯನ್ನು, ಯಳಂದೂರಿನ ಬಸ್ಸುಗಳ ಸೀಟಿನ ಸಂದಿಯನ್ನು ತಲುಪಿತು. ಜಲ್ಲಿಕಲ್ಲು ತಿನ್ನುವ ಕಂಟ್ರಾಕ್ಟರ್ ಹೋತವನ್ನು ಕಂಡು ಪ್ರತಿ ಊರಿನವರೂ “ಇದು ನಮ್ಮೂರೋನು ಕಣ್ಲಾ” ಎಂದು ಹೆಮ್ಮೆಪಟ್ಟರು. ಆದರೆ ಹೆಚ್ಚಿನ ಸರಕು ಬರುತ್ತಿದ್ದದ್ದು ಮಾಂಬಳ್ಳಿಯಿಂದ, ಪುಷ್ಪಳ ಬಾಯಿಂದ. ನ್ಯಾಯ ನಡೆಯುವಷ್ಟು ಹೊತ್ತೂ ನಿದ್ದೆ ಮಾಡಿ, ದಂಡ ಎಂಬ ಮಾತು ಬಿದ್ದೊಡನೆ ಕಣ್ಣು ತೆರೆಯುವ ಎಮ್ಮೆಯಜಮಾನ ಯಾರೆಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಊರಿನ ಯಜಮಾನ ದೊಡ್ಡಮಾದಪ್ಪನಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬಿಸಿಬಿಸಿ ಹಾಳೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಬೆರಳುಗಳೂ ಆಗಾಗ ದಾಟಿದವು. ಮದುವೆಯಾಗುವುದೆಂದು ಇಬ್ಬರೂ ಗೊತ್ತುಮಾಡಿಕೊಂಡರು. ಅದಕ್ಕೆ ಮೊದಲು ಜಡೇಸ್ವಾಮಿಗೆ ಹೇಳಿಕೊಳ್ಳುವಂಥ ಒಂದು ನೌಕರಿ ಬೇಕಿತ್ತು.

ಅದು ಹುರುಳಿಯಿಂದ ದೊರಕಿತು. ಹನೂರಿನ ಕಡೆಯಲ್ಲಿ ಹುರುಳಿ ಕಿತ್ತ ಮೇಲೆ ಕಣ ಸಾರಿಸುವ ಕಷ್ಟ ಯಾರಿಗೂ ಬೇಡ. ಟಾರು ರಸ್ತೆಯೇ ಕಣ; ಹೋಗಿಬರುವ ಬಸ್ಸು ಲಾರಿಗಳೇ ಎತ್ತು. ಗಿಡವನ್ನು ರಸ್ತೆಯ ಮೇಲೆ ಹರಡಿದರೆ ಚಕ್ರಗಳು ಹತ್ತಿ ಕಾಳು ಬಿಡಿಸಿಕೊಡುತ್ತವೆ. ಜೋರಾಗಿ ಹೋದರೆ ಗಾಡಿ ಜಾರುತ್ತದೆ. ಬ್ರೇಕು ಒತ್ತಿದರೆ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಒಂದೇ ಹದದಲ್ಲಿ ಹತ್ತಿಸಿಕೊಂಡು ಹೋಗಬೇಕು. ಜಡೇಸ್ವಾಮಿ ಇದನ್ನೇ ಒಂದು ಆಟವಾಗಿ ಕಟ್ಟಿದ. ಬಸ್ಸು ಓಡಿಸುತ್ತ ಹೆಚ್ಚು ಕಾಳು ಬಿಡಿಸಿಕೊಟ್ಟವನೇ ಗೆದ್ದವನು. ಮೈಸೂರಿನಲ್ಲಿ ದೀಪ ಎಂಬ ಹೆಣ್ಣುಮಗಳು ನಡೆಸುತ್ತಿದ್ದ ಸಣ್ಣ ಗೇಮ್ ಕಂಪನಿಯೊಂದು ಅದನ್ನು ಕೊಂಡುಕೊಂಡು, ಮನೆಯಿಂದಲೇ ಕೆಲಸ ಮಾಡಲು ಅವನಿಗೆ ಸಂಬಳವನ್ನೂ ಗೊತ್ತುಮಾಡಿತು.

ವಾರ ಕಳೆಯುವುದರೊಳಗೆ ದೀಪ ಫೋನು ಮಾಡಿದಳು. “ಜಡೇಸ್ವಾಮಿ, ನಮ್ಮ ಆಫೀಸಿನಲ್ಲಿ ಎಲ್ಲರೂ ಆಡಿ ನೋಡಿದರು. ಒಬ್ಬರಿಗೂ ಒಂದು ಪಾಯಿಂಟೂ ಬರ್ತಿಲ್ಲವಲ್ಲ?”

“ಎಂಗ್ ಓಡುಸ್ತಾವ್ರೆ ಮೇಡಮ್?”

“ತುಂಬ ಹುಷಾರಾಗಿ. ರಸ್ತೆ ಮೇಲೆ ಏನೋ ಸೊಪ್ಪು ಇದೆಯಲ್ಲ, ಅದಕ್ಕೆ ತಾಗದ ಹಾಗೆ.”

ಜಡೇಸ್ವಾಮಿ ಹಣೆ ಚಚ್ಚಿಕೊಂಡ. ಸೊಪ್ಪಿನ ಮೇಲೆ ಹತ್ತಿಸಬೇಕೆಂದು ಅವನು ಆಟದಲ್ಲಿ ಎಲ್ಲಿಯೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಹುರುಳಿ ಕಂಡರೆ ಪಕ್ಕಕ್ಕೆ ಸರಿಯುವ ಜನರೂ ಭೂಮಿಯ ಮೇಲಿದ್ದಾರೆಂದು ಹನೂರಿನ ರಸ್ತೆಯಲ್ಲಿ ಬಸ್ಸು ಹತ್ತಿದ ಯಾರಿಗೆ ತಾನೆ ಹೊಳೆದೀತು?

ಅದನ್ನು ಸರಿಪಡಿಸಿದವಳು ಪುಷ್ಪ. ಆಟದೊಳಗೆ ರಸ್ತೆಯ ಬದಿಗೆ ಒಬ್ಬ ರೈತ ಹೆಂಗಸನ್ನು ನಿಲ್ಲಿಸಿ, ಅವಳಿಗೆ ತನ್ನ ದನಿ ಕೊಟ್ಟಳು. ಯಾವನಾದರೂ ಹುರುಳಿ ಬಿಟ್ಟು ಓಡಿಸಿದರೆ ಫೋನಿನೊಳಗಿಂದ ಬೈಗುಳ ಕೇಳುತ್ತದೆ: “ಯಾರ್ಲಾ ಅವ್ನು, ಕಣ್ಣು ಇಂಗೋಗದಾ? ಮೇಲೆ ಅತ್ಸಲಾ!” ಆಟಕ್ಕಿಂತ ಬೈಗುಳ ಪ್ರಸಿದ್ಧವಾಯಿತು. ಬೈಸಿಕೊಳ್ಳುವುದಕ್ಕೆಂದೇ ಜನ ಬೇಕೆಂದೇ ಪಕ್ಕಕ್ಕೆ ಸರಿದು ಓಡಿಸತೊಡಗಿದರು.

ಈ ಕೀರ್ತಿಯನ್ನು ಕಿಸೆಯಲ್ಲಿಟ್ಟುಕೊಂಡು ಜಡೇಸ್ವಾಮಿ ಅಪ್ಪನೊಡನೆ ಮಾಂಬಳ್ಳಿಗೆ ಹೆಣ್ಣು ಕೇಳಲು ಹೋದ.

ಪುಷ್ಪಳ ತಂದೆ ದೊಡ್ಡಸಿದ್ದಯ್ಯನವರು ಖಾಸಗಿ ಬಸ್ಸಿನ ನಿವೃತ್ತ ಚಾಲಕರು. ಯಾರು ಏನು ಹೇಳಿದರೂ ಬೇಲಿಯ ಮೇಲಿನ ಓತಿಕ್ಯಾತನ ಹಾಗೆ ತಲೆಯಾಡಿಸುವುದು ಅವರ ರೂಢಿ. ಒಪ್ಪಿದರೂ ಅಷ್ಟೇ, ಒಪ್ಪದಿದ್ದರೂ ಅಷ್ಟೇ. ಮನೆಗೆ ಬಂದವರಿಗೆ ನೀರು ಕೊಡುವುದಕ್ಕೆ ಮೊದಲೇ ಅವರು ಆನೆಯ ಕಥೆ ಹೇಳುತ್ತಿದ್ದರು. ಹನೂರಿನ ಆಚೆ ಬೆಟ್ಟದ ರಸ್ತೆಯಲ್ಲಿ ಬೆಳಗಿನ ಮೊದಲ ಬಸ್ಸು. ಒಳಗೆ ಅವರೂ ಕಂಡಕ್ಟರೂ ಇಬ್ಬರೇ. ಎದುರಿಗೆ ಒಂಟಿ ಸಲಗ. ಇವರು ಹಾರನ್ ಒತ್ತಿದ ಒಂದೇ ಒತ್ತಿಗೆ ಆನೆ ಸೊಂಡಿಲೆತ್ತಿ ಸಲಾಮು ಹೊಡೆದು ಕಾಡಿಗೆ ಇಳಿಯಿತು. ಕಂಡಕ್ಟರು ತೀರಿಹೋಗಿದ್ದುದರಿಂದ ಈ ಕಥೆಗೆ ವರ್ಷದಿಂದ ವರ್ಷಕ್ಕೆ ಪುಷ್ಟಿ ಬರುತ್ತಿತ್ತು.

ಕಥೆ ಮುಗಿದ ಮೇಲೆ, “ಉಡ್ಗ ಏನ್ ಮಾಡ್ಕಂಡವ್ನೆ?” ಎಂದರು.

ಚಿಕ್ಕಮಾದಪ್ಪ ಟವೆಲ್ಲು ಕೊಡವಿದ. ಜಡೇಸ್ವಾಮಿ, ಮಾತಿಗಿಂತ ಕಂಡದ್ದೇ ಮೇಲೆಂದು ಫೋನು ತೆಗೆದು ಆಟವನ್ನು ಅವರ ಕೈಗೇ ಕೊಟ್ಟ. ಬದುಕಿನಲ್ಲಿ ಅವನು ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲನೆಯ ಸ್ಥಾನ.

“ನಮ್ದೇ ರೋಡು!” ಎಂದು ದೊಡ್ಡಸಿದ್ದಯ್ಯನವರ ಮುಖ ಅರಳಿತು. “ಈ ರೋಡಲ್ಲಿ ಒಂದು ಕೋಳಿಗೂ ತಾಕ್ಸಿಲ್ಲ ನಾನು. ನೋಡ್ತಿರಿ ಈಗ.” ಸ್ಟಿಯರಿಂಗ್ ಹಿಡಿಯುವಂತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ತಿರುಗಿಸಿದರು. ಫೋನಿನಲ್ಲಿ ಒತ್ತಬೇಕಾದದ್ದು ಹೆಬ್ಬೆರಳಿನಿಂದ. ಅವರು ಒತ್ತಿದ್ದು ಕಾಲಿನಿಂದ, ನೆಲವನ್ನು. ಬಸ್ಸು ಹುರುಳಿಯನ್ನು ಬಿಟ್ಟು, ಮೈಲಿಗಲ್ಲನ್ನು ಬಿಟ್ಟು, ಹಳ್ಳಕ್ಕೆ ಪಲ್ಟಿಯಾಯಿತು. ಒಳಗಿಂದ ಅವರ ಸ್ವಂತ ಮಗಳ ದನಿ ಕೂಗಿತು:

“ಯಾರ್ಲಾ ಅವ್ನು, ಕಣ್ಣು ಇಂಗೋಗದಾ?”

ದೊಡ್ಡಸಿದ್ದಯ್ಯನವರು ಫೋನನ್ನು ನೋಡಿದರು. ಅಡಿಗೆಮನೆಯ ಬಾಗಿಲನ್ನು ನೋಡಿದರು. ಬಾಗಿಲಲ್ಲಿದ್ದ ಪುಷ್ಪ ಒಳಕ್ಕೆ ಸರಿದಳು. ಇಷ್ಟಕ್ಕೇ ನಿಂತಿದ್ದರೂ ಏನೋ ಆಗುತ್ತಿತ್ತು. ಆದರೆ ಅವರ ಹೆಂಡತಿ ಗೋವಿಂದಮ್ಮ, “ತಾ ಇಲ್ಲಿ, ನೋಡಾನ,” ಎಂದು ಫೋನು ಕಸಿದುಕೊಂಡು, ಗೋಡೆಗೊರಗಿ ಕುಳಿತು, ಒಂದು ಕಾಳೂ ಬಿಡದೆ ಬಸ್ಸನ್ನು ಹನೂರು ಮುಟ್ಟಿಸಿಬಿಟ್ಟರು. ಫೋನಿನೊಳಗೆ ತಮಟೆ ಮೊಳಗಿತು.

“ಆಟ ಆಡೋ ಐಕ್ಳಿಗೆ ಎಣ್ಣು ಕೊಡಾಕಿಲ್ಲ,” ಎಂದು ದೊಡ್ಡಸಿದ್ದಯ್ಯನವರು ಎದ್ದು ನಿಂತರು. ತಲೆ ಮಾತ್ರ ಹೌದು ಹೌದು ಎಂದು ಆಡುತ್ತಲೇ ಇತ್ತು.

ದಾರಿಯಲ್ಲಿ ಚಿಕ್ಕಮಾದಪ್ಪ, “ತಲೆ ಆಡುಸ್ತಿದ್ರಲ್ಲ, ಒಪ್ಪವ್ರೆ ಅನ್ಕಂಡೆ,” ಎಂದ.

ಆದರೂ ಜಡೇಸ್ವಾಮಿ ಆಸೆ ಬಿಡಲಿಲ್ಲ. ಮಾವನಾಗಬಹುದಾದವರನ್ನು ಅವನು ತಿಪ್ಪೆಯಲ್ಲಿ ಎಂದೂ ಬರೆದಿರಲಿಲ್ಲ, ಈಗಲೂ ಬರೆಯಲಿಲ್ಲ. ಆ ಓತಿಕ್ಯಾತನ ತಲೆ ಬೆರಳ ತುದಿಗೆ ಬಂದು ಕುಳಿತು ತುರಿಸುತ್ತಿದ್ದರೂ ಸಹಿಸಿಕೊಂಡ. ಮಾಂಬಳ್ಳಿಯ ಎಮ್ಮೆ, ಹೋತ, ಕೊಕ್ಕರೆ, ಬೆಕ್ಕು ಎಲ್ಲರ ಸರದಿಯೂ ಮುಗಿಯಿತು. ಇದರಿಂದ ಏನಾಗಬಹುದೆಂದು ಅವನೂ ಯೋಚಿಸಲಿಲ್ಲ, ಪುಷ್ಪಳೂ ಯೋಚಿಸಲಿಲ್ಲ. ಯೋಚಿಸಿದ್ದು ಮಾಂಬಳ್ಳಿಯ ಚಹಾದಂಗಡಿ.

“ಊರ್ನಲ್ಲಿ ಎಲ್ರನ್ನೂ ಬರದವ್ನೆ. ಬುಟ್ಟಿರೋದು ಯಾರ್ನ?”

“ಸಿದ್ದಯ್ಯನ್ನ.”

“ಯಾಕ್ ಬುಟ್ಟ?”

“ತನ್ ಮೋರೆಗೆ ತಾನೇ ಯಾವನಾರ ಮಸಿ ಬಳ್ಕಂಡಾನಾ?”

ಅಷ್ಟೇ. ತಿಪ್ಪೆ ಬರೆಯುವವನು ದೊಡ್ಡಸಿದ್ದಯ್ಯ ಎಂದು ಊರು ತೀರ್ಮಾನಿಸಿತು. ಮಗಳು ಜೆರಾಕ್ಸ್ ಅಂಗಡಿ ಇಟ್ಟಿರುವುದೂ ಸಾಕ್ಷಿಗೆ ಸೇರಿತು.

ಮೊದಮೊದಲು ಇದರಿಂದ ದೊಡ್ಡಸಿದ್ದಯ್ಯನವರಿಗೆ ಸುಗ್ಗಿಯಾಯಿತು. ಅಂಗಡಿಯವನು ತಕ್ಕಡಿಯನ್ನು ಬಗ್ಗಿಸಿ ತೂಗಿದ. ಕ್ಷೌರದವನು ಕಾಯಿಸಲಿಲ್ಲ. ಹೋದ ಕಡೆಯಲ್ಲೆಲ್ಲ ಜನ ಎದ್ದು ಜಾಗ ಬಿಟ್ಟರು. “ನೀವೇನಾ ಅಣ್ಣ, ಅದು?” ಎಂದು ಯಾರಾದರೂ ಪಿಸುಗುಟ್ಟಿದರೆ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ತಲೆಯಾಡಿಸಿದರು. ಬಸ್ಸಿನ ಕೆಲಸದಿಂದ ಇಳಿದ ಮೇಲೆ ಅವರ ಕಡೆ ಊರು ತಿರುಗಿ ನೋಡಿದ್ದೇ ಅದು ಮೊದಲು.

ಆದರೆ ಯಜಮಾನ ದೊಡ್ಡಮಾದಪ್ಪನಿಗೆ ಎಮ್ಮೆಯ ಸಂಚಿಕೆ ಮರೆತಿರಲಿಲ್ಲ. ಬರುವ ಸೋಮವಾರ ಚಾವಡಿಯಲ್ಲಿ ನ್ಯಾಯ ಸೇರುವುದೆಂದು ಹೇಳಿಕಳಿಸಿದ. ದೊಡ್ಡಸಿದ್ದಯ್ಯ ಊರವರ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳಬೇಕು. ಇಲ್ಲವಾದರೆ ಆ ಮನೆಯೊಂದಿಗೆ ಕೊಡುವುದು ತರುವುದು ನಿಲ್ಲಬೇಕು.

ಪುಷ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಅತ್ತಳು. “ನಾನಲ್ಲ ಅಂತ ಒಂದ್ ಮಾತು ಅಂದ್ರೆ ಮುಗೀತದೆ. ನಮ್ಮಪ್ಪ ಅನ್ನಾಕಿಲ್ಲ. ಗೌರವ ಓಯ್ತದಂತೆ!”

“ನಾನೇ ಬಂದು ಒಪ್ಕತೀನಿ,” ಎಂದ ಜಡೇಸ್ವಾಮಿ.

“ಒಪ್ಕಂಡ್ರೆ ನಮ್ಮಪ್ಪ ಉಳೀತರೆ, ನಮ್ ಮದ್ವೆ ಓಯ್ತದೆ. ಆಟ ಆಡೋನು ಅಂತ್ಲೇ ಕೊಡ್ಲಿಲ್ಲ. ಇನ್ನು ಇದೂ ನೀನೇ ಅಂದ್ರೆ?” ಸೆರಗಿನಿಂದ ಮೂಗು ಒರೆಸಿಕೊಂಡಳು. ಮಿಷನ್ನಿನ ಮುಚ್ಚಳ ತೆರೆದು, “ನಮ್ಮಪ್ಪನ್ನೂ ಬರಿ,” ಎಂದಳು. “ಅವ್ರೂ ಪತ್ರಿಕೇಲಿ ಬಂದ್ರೆ ಅವ್ರಲ್ಲ ಅಂತ ಆಯ್ತದೆ. ಬರುದ್ರೆ ಚೆನ್ನಾಗಿ ಬರೀಬೇಕು. ತನ್ನ ತಾನು ಯಾವನೂ ಅಂಗೆ ಬರ್ಕಳ್ದಂಗೆ.”

“ಏನ್ ಅಂತ ಬರೀಲಿ?”

ಪುಷ್ಪ ಮುಸುಮುಸು ನಗತೊಡಗಿದಳು. ಆನೆಯ ನಿಜವಾದ ಕಥೆ ಹೇಳಿದಳು. ಹಾರನ್ ಅಂದು ಕೆಟ್ಟಿತ್ತು. ದೊಡ್ಡಸಿದ್ದಯ್ಯನವರು ಸೀಟಿನ ಕೆಳಗೆ ಸೇರಿಕೊಂಡಿದ್ದರು. ಆನೆ ಬಸ್ಸಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ತಾನಾಗಿಯೇ ಹೋಯಿತು. ಸಲಾಮು ಯಾರೂ ಹೊಡೆಯಲಿಲ್ಲ; ಬಸ್ಸಿನೊಳಗೆ ಖಾಕಿ ಪ್ಯಾಂಟು ಮಾತ್ರ ಒದ್ದೆಯಾಗಿತ್ತು. ಈ ವಿಚಾರ ಆ ಪ್ಯಾಂಟನ್ನು ಒಗೆದ ಗೋವಿಂದಮ್ಮನಿಗೆ ಗೊತ್ತಿತ್ತು, ಪಕ್ಕದಲ್ಲಿ ನಿಂತು ನೀರು ಸೇದಿಕೊಟ್ಟ ಮಗಳಿಗೆ ಗೊತ್ತಿತ್ತು. ಕಂಡಕ್ಟರು ತೀರಿಹೋದ ಮೇಲೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಜಡೇಸ್ವಾಮಿ ಇಷ್ಟು ದಿನ ಕಟ್ಟಿಟ್ಟಿದ್ದ ತುರಿಕೆಯನ್ನೆಲ್ಲ ಹಾಳೆಯ ಮೇಲೆ ಬಿಟ್ಟ. ಖಾಕಿ ತೊಟ್ಟ ಓತಿಕ್ಯಾತ ಸೀಟಿನ ಕೆಳಗಿಂದ ಇಣುಕುತ್ತಿತ್ತು. ಆನೆ ಕನ್ನಡಿಯಲ್ಲಿ ದಂತ ನೋಡಿಕೊಳ್ಳುತ್ತಿತ್ತು. ಕೊನೆಯ ಚೌಕದಲ್ಲಿ ಹೆಣ್ಣು ಓತಿಕ್ಯಾತವೊಂದು ಹಗ್ಗದ ಮೇಲೆ ಪ್ಯಾಂಟು ಹರವುತ್ತಿತ್ತು. ಭಾನುವಾರದ ಹೊತ್ತಿಗೆ ಮಾಂಬಳ್ಳಿಯಲ್ಲಿ ತಿಪ್ಪೆ ತಲುಪದ ಮನೆ ಇರಲಿಲ್ಲ.

ಸೋಮವಾರ ಜಡೇಸ್ವಾಮಿಯೂ ಚಾವಡಿಗೆ ಹೋಗಿ ಗುಂಪಿನ ಹಿಂದುಗಡೆ ನಿಂತ. ಕೆಲಸ ಕೆಟ್ಟರೆ ಮುಂದೆ ಬಂದು ಒಪ್ಪಿಕೊಳ್ಳುವುದೆಂದು ಗಟ್ಟಿ ಮಾಡಿಕೊಂಡಿದ್ದ. ಆದರೆ ನ್ಯಾಯ ಎದ್ದು ನಿಲ್ಲುವ ಮೊದಲೇ ಬಿದ್ದುಹೋಯಿತು. ದೊಡ್ಡಮಾದಪ್ಪ ಕೆಮ್ಮಿ ಮಾತು ತೆಗೆಯುವಷ್ಟರಲ್ಲಿ ಯಾರೋ ಹಿಂದಿನಿಂದ ಆನೆಯ ಹಾಗೆ ಘೀಳಿಟ್ಟರು. ಇನ್ನೊಬ್ಬರು “ಪ್ಯಾಂಟ್ ಒಣುಗ್ತಾ?” ಎಂದರು. ಯಜಮಾನನಿಗೆ ಬಾಯಲ್ಲಿದ್ದ ಎಲೆಅಡಿಕೆ ಮೂಗಿಗೆ ಹತ್ತಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದ:

“ಯಾವ ಗಂಡ್ಸೂ ತನ್ ಪ್ಯಾಂಟ್ ಒದ್ದೆ ಆದ್ದ ತಾನೇ ಬರ್ದು ಊರ್ಗೆಲ್ಲ ಅಂಚಾಕಿಲ್ಲ. ಸಿದ್ದಯ್ಯ ಅಲ್ಲ ಬುಡ್ರಪ್ಪ. ಎದ್ದೋಗಿ ಎಲ್ಲಾ.”

ದೊಡ್ಡಸಿದ್ದಯ್ಯನವರು ನಗಲಿಲ್ಲ. ಕೈಗೆ ಬಂದ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಗಸರ ಗುಂಪಿನಲ್ಲಿದ್ದ ಗೋವಿಂದಮ್ಮನ ಕಡೆ ನೋಡಿದರು. ಗೋವಿಂದಮ್ಮ ಚಾವಡಿಯ ತೊಲೆಗಳನ್ನು ಪರೀಕ್ಷಿಸುತ್ತಿದ್ದರು. ಅಂದು ದೊಡ್ಡಸಿದ್ದಯ್ಯನವರ ತಲೆ ಅಲುಗಾಡದೆ ನಿಂತದ್ದನ್ನು ಕಂಡು ಜಡೇಸ್ವಾಮಿ ಗುಂಪಿನಿಂದ ಮೆಲ್ಲಗೆ ಜಾರಿಕೊಂಡ.

ಮಾರನೆಯ ದಿನ ಅವರು ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಜಡೇಸ್ವಾಮಿ ಕುಳಿತಿದ್ದ, ಏಳಲು ಜಾಗವಿರಲಿಲ್ಲ.

“ಯಾವ್ಳು ಏಳ್ದೋಳು ಅಂತ ಗೊತ್ತು,” ಎಂದರು ಮಗಳ ಕಡೆ ನೋಡದೆ. “ಯಾವನು ಬರ್ದೋನು?”

“ನಾನೇ,” ಎಂದ ಜಡೇಸ್ವಾಮಿ.

“ಆಟದೋನು?”

“ಊಂ ಸಾ.”

“ನವಿಲು, ಎಮ್ಮೆ, ಅವೂ ನೀನೇನಾ?”

“ನಾನೇ.”

ದೊಡ್ಡಸಿದ್ದಯ್ಯನವರು ಜೇಬಿನಿಂದ ತಿಪ್ಪೆಯನ್ನು ತೆಗೆದು ಬಿಚ್ಚಿ, ಮಿಷನ್ನಿನ ಗಾಜಿನ ಮೇಲೆ ಅಂಗೈಯಿಂದ ಸವರಿ, ಆನೆಯ ಮೇಲೆ ಬೆರಳು ಊರಿದರು.

“ಏನ್ಲಾ ಇದು?”

“ಆನೆ ಸಾ.”

“ಇದು ಆನೆನಾ? ಬಸ್ಸಿಗಿಂತ ಚಿಕ್ಕದಾಗದಲ್ಲೋ! ಕುರಿ ಇದ್ದಂಗದೆ. ಇಂಥ ಆನೆಗೆ ಎದ್ರುಕೊಂಡೆ ಅಂದ್ರೆ ಜನ ನಗದೆ ಏನ್ ಮಾಡಾರು? ಆ ದಿನ ಬಂದಿದ್ದು ಎಂಥ ಆನೆ ಅಂತ ನಿಂಗೊತ್ತಾ? ಅದ್ರ ಒಂದ್ ಕಾಲು ಈ ಅಂಗ್ಡಿ ಒಳಕ್ ಇಡ್ಸಾಕಿಲ್ಲ. ಅಂಥ ಆನೆ ಮುಂದೆ ನಿಮ್ ದೊಡ್ಮಾದಪ್ಪ ನಿಂತಿದ್ರೆ ಪ್ಯಾಂಟ್ ಒದ್ದೆ ಆಗೋದಿರ್ಲಿ, ಪ್ಯಾಂಟ್ ಒಳ್ಗೆ ದೊಡ್ಮಾದಪ್ಪನೇ ಇರ್ತಿರ್ಲಿಲ್ಲ!”

“ಚೌಕ ಸಣ್ಣದಿತ್ತು ಸಾ, ಅದ್ಕೇ...”

“ಚೌಕ ದೊಡ್ಡದು ಮಾಡು!”

ಪುಷ್ಪ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದೊಡ್ಡಸಿದ್ದಯ್ಯನವರು ಉಸಿರು ಬಿಟ್ಟು, ಬಾಗಿಲ ಹೊಸ್ತಿಲ ಮೇಲೆ ಕುಳಿತರು. ಬೈಯುವುದು ಇನ್ನೂ ಬಾಕಿ ಇದೆಯೆಂದು ಜಡೇಸ್ವಾಮಿ ಕಾದ. ಅವರು ಬೈಯಲಿಲ್ಲ. ಓಣಿಯ ಕಡೆ ನೋಡುತ್ತ ಹೇಳಿದರು:

“ಓದ್ ವಾರ ಊರೆಲ್ಲಾ ಎದ್ದು ನಿಲ್ತಿತ್ತು ಕಣಪ್ಪ. ಇವತ್ತು ಬರ್ತಾ ಚಾ ಅಂಗ್ಡೀಲಿ ಒಬ್ನೂ ಏಳ್ಲಿಲ್ಲ. ನನ್ನ ಉಳ್ಸಾಕೋಗಿ ಕೆಡ್ಸ್‌ಬುಟ್ಟೆ ನೀನು.”

ಅವರ ತಲೆ ಮತ್ತೆ ಮೆಲ್ಲಗೆ ಆಡತೊಡಗಿತು.

“ಮದ್ವೆ ಮಾಡ್ಕೊಡ್ತೀನಿ. ಒಂದ್ ಮಾತು. ಮುಂದಿನ್ ತಿಪ್ಪೇಲಿ ಆನೆ ಇರೋಷ್ಟು ಬರೀಬೇಕು. ಅದು ಬತ್ತದೆ ಅಂತ ನಾನು ಮೊದ್ಲೇ ಊರಲ್ಲಿ ಏಳಿರ್ತೀನಿ. ಆಮ್ಯಾಕೆ ತಿಪ್ಪೆ ಯಾರ್ದು ಅಂತ ಯಾವನೇ ಕೇಳುದ್ರೂ, ನಿಮ್ಮಪ್ಪನೇ ಕೇಳುದ್ರೂ, ನೀನು ಬಾಯಿ ಬುಡಕೂಡ್ದು. ನಂದು ಅಂತ ನಾನು ಏಳಾಕಿಲ್ಲ. ನನ್ದಲ್ಲ ಅಂತಾನೂ ಏಳಾಕಿಲ್ಲ.”

ಹೆಸರಿಲ್ಲದೆ ಬರೆಯುವುದು ಜಡೇಸ್ವಾಮಿಗೆ ರೂಢಿಯೇ. ಒಪ್ಪಿಕೊಳ್ಳಲು ಏನು ಕಷ್ಟವೆಂದು ಆ ಕ್ಷಣ ತೋರಿತು. ಆದರೆ ತನ್ನ ಹೆಸರು ಇಲ್ಲದಿರುವುದು ಬೇರೆ, ಆ ಜಾಗದಲ್ಲಿ ಇನ್ನೊಬ್ಬರು ಟವೆಲ್ಲು ಹಾಸಿ ಕುಳಿತುಕೊಳ್ಳುವುದು ಬೇರೆ ಎಂದು ಅವನಿಗೆ ಒಳಗೆ ಎಲ್ಲೋ ಚುಚ್ಚಿತು. ಪುಷ್ಪಳ ಮುಖ ನೋಡಿದ. “ಆಗ್ಲಿ ಮಾವ,” ಎಂದ.

ಮುಂದಿನ ಸಂಚಿಕೆಗೆ ಒಂದು ವಾರವಿರುವಾಗಲೇ ದೊಡ್ಡಸಿದ್ದಯ್ಯನವರು ಚಹಾದಂಗಡಿಯಲ್ಲಿ ಯಾರಿಗೂ ಅಲ್ಲವೆಂಬಂತೆ, “ಆನೆ ಒಸಿ ಚಿಕ್ಕದಾಯ್ತು. ಮುಂದಿನ್ ಸಲ ದೊಡ್ಡದು ಬತ್ತದೆ,” ಎಂದು ಎದ್ದುಹೋದರು. ತಿಪ್ಪೆ ಬಂತು. ಎರಡು ಪುಟ ತುಂಬ ಆನೆಯ ಮುಂಗಾಲು ಒಂದೇ; ಸೊಂಡಿಲು ಹಾಳೆಯ ಆಚೆಗೆ ಹೋಗಿತ್ತು; ಮೂಲೆಯಲ್ಲಿ ಸಾಸಿವೆ ಗಾತ್ರದ ಖಾಕಿ ಓತಿಕ್ಯಾತ, ಅದೂ ತಲೆಯೆತ್ತಿ ನಿಂತದ್ದು. ಆ ಕೊನೆಯ ಅಂಶ ಮಾವನ ವಿಶೇಷ ಕೋರಿಕೆ.

ಮಾಂಬಳ್ಳಿ ಬೆರಗಾಯಿತು. “ಅನುಮಾನ ಬರ್ಬಾರ್ದು ಅಂತ ತನ್ನೇ ಬುಡ್ಲಿಲ್ಲ ಕಣ್ಲಾ ಕಿಲಾಡಿ!” ಎಂದರು. ದೊಡ್ಡಮಾದಪ್ಪ ಮತ್ತೆ ನ್ಯಾಯ ಸೇರಿಸಲಿಲ್ಲ. ಊರೆದುರಿಗೆ ಅಷ್ಟು ನಕ್ಕವನು ಯಾವ ಮುಖ ಹೊತ್ತು ಸೇರಿಸಿಯಾನು? ಅಲ್ಲದೆ ಎಮ್ಮೆಯನ್ನೂ ಎರಡು ಪುಟಕ್ಕೆ ಹಿಗ್ಗಿಸಿದರೆ ಏನು ಗತಿ? ಸುಮ್ಮನೆ ಒಂದು ಗೊನೆ ಬಾಳೆಹಣ್ಣು ಕಳಿಸಿದ.

ಮದುವೆ ಯಳಂದೂರಿನಲ್ಲಿ ನಡೆಯಿತು. ಬಂದವರೆಲ್ಲ ಹೆಣ್ಣಿನ ತಂದೆಯ ಕೈ ಕುಲುಕಿ, “ಅಳಿಯಂದ್ರು ಏನ್ ಮಾಡ್ಕಂಡವ್ರೆ?” ಎಂದರು. “ಏನೋ ಆಟ ಗೀಟ,” ಎಂದರು ದೊಡ್ಡಸಿದ್ದಯ್ಯನವರು, ದೊಡ್ಡ ಮನಸ್ಸಿನಿಂದ.

ಆಷಾಢ ಕಳೆದ ಮೇಲೆ ದೀಪ ಮೈಸೂರಿನಿಂದ ಫೋನು ಮಾಡಿದಳು. ತಿಪ್ಪೆಯ ಫೋಟೋಗಳನ್ನು ಯಾರೋ ಅವಳ ವಾಟ್ಸಾಪಿಗೆ ಕಳಿಸಿದ್ದರು.

“ನಮ್ಮ ಮುಂದಿನ ಗೇಮಿಗೆ ಇಂಥ ಚಿತ್ರ ಬೇಕು ಜಡೇಸ್ವಾಮಿ. ತಪ್ಪು ತಿಳಿಯಬೇಡಿ. ನೀವು ಆಟ ಚೆನ್ನಾಗಿ ಕಟ್ತೀರಿ. ಚಿತ್ರ ಪರವಾಗಿಲ್ಲ. ಆದರೆ ಈ ಮನುಷ್ಯನ ಕೈಯೇ ಬೇರೆ. ವಿಚಾರಿಸಿದೆ, ಮಾಂಬಳ್ಳಿಯಲ್ಲಿ ದೊಡ್ಡಸಿದ್ದಯ್ಯ ಅಂತ ಯಾರೋ ರಿಟೈರ್ಡ್ ಡ್ರೈವರಂತೆ. ನಿಮಗೆ ಪರಿಚಯವೇ?”

ಜಡೇಸ್ವಾಮಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ಎದುರಿಗೆ ಪುಷ್ಪ, ನಾನೇ ಅಂತ ಏಳ್ಬುಡು ಎಂದು ಕೈಸನ್ನೆ ಮಾಡುತ್ತಿದ್ದಳು. ತಂದೆಗೆ ಮೈಸೂರಿನಷ್ಟು ದೂರದ ಗೌರವವೇನೂ ಬೇಕಾಗಿಲ್ಲವೆಂದು ಅವಳ ಮತ. ಅವನಿಗೂ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಹೊಸ್ತಿಲ ಮೇಲೆ ಕುಳಿತು ಓಣಿ ನೋಡುತ್ತಿದ್ದ ಆ ಮುಖ ಅಡ್ಡ ಬಂತು.

“ನಮ್ಮಾವನೇ ಮೇಡಮ್,” ಎಂದ. “ಕೇಳ್ ನೋಡ್ತೀನಿ. ಒಸಿ ಗತ್ತಿನ ಮನುಷ್ಯ.”

ಈಗ ಮಾಂಬಳ್ಳಿಯ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಾವ ಅಳಿಯ ಇಬ್ಬರೂ ದೀಪಳ ಗೇಮಿನ ಚಿತ್ರದ ಕೆಲಸಕ್ಕೆ ಕೂರುತ್ತಾರೆ. ಅಳಿಯ ಬರೆಯುತ್ತಾನೆ. ಮಾವ ಅಂಗಿ ತೊಟ್ಟು, ತಲೆ ಬಾಚಿ, ಪಕ್ಕದಲ್ಲಿ ಕಾಲು ಚಾಚಿಕೊಂಡಿರುತ್ತಾರೆ. ಬೀದಿಯಲ್ಲಿ ಯಾರಾದರೂ ಹೋದರೆ ಪೆನ್ಸಿಲನ್ನು ಇಸಿದುಕೊಂಡು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹಾಗೆ ಹೋದವರು ಮರೆಯಾದ ಮೇಲೆ ಹಿಂದಕ್ಕೆ ಕೊಡುತ್ತಾರೆ.

“ನಮ್ ಚಿತ್ರ ಎಲ್ಗಂಟ ಬಂತಪ್ಪ?”

“ನರಿ ಬಾಲ ಒಂದು ಬಾಕಿ ಅದೆ ಮಾವ.”

“ಸರಿ. ನಾನು ಚಾ ಕುಡ್ಕಂಡು ಬತ್ತೀನಿ. ಅಷ್ಟ್ರೊಳ್ಗೆ ಬರ್ದಿರು,” ಎಂದು ದೊಡ್ಡಸಿದ್ದಯ್ಯನವರು ಎದ್ದು, ಬೆರಳುಗಳಿಗೆ ಒಂದಿಷ್ಟು ಮಸಿ ಹಚ್ಚಿಕೊಂಡು, ಅಂಗಡಿಯ ಕಡೆ ನಡೆದರು.